ಗಾಜಿನ ಚೌಕದಿಂದ ಕಂಪ್ಯೂಟರ್ ಪರದೆಗೆ

ಸ್ಲೈಡ್ ಎಂಬ ಹೆಸರಿನಲ್ಲೇ ಅದರ ಹುಟ್ಟಿನ ಗುರುತಿದೆ. ಉದ್ದನೆಯ ಮರದ ಪಟ್ಟಿಯಲ್ಲಿ ಸಾಲಾಗಿ ಕೂರಿಸಿದ ಬಣ್ಣದ ಗಾಜಿನ ಚಿತ್ರಗಳನ್ನು ದೀಪಕ್ಕೂ ಮಸೂರಕ್ಕೂ ನಡುವೆ ಇರುವ ಸಂದಿನಲ್ಲಿ ಒಂದೊಂದಾಗಿ ಜಾರಿಸುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಆ ಹೆಸರು ನಿಂತಿತು. ಇಂದು ಕಾಲೇಜು ವಿದ್ಯಾರ್ಥಿಗಳು ‘ಪಿಪಿಟಿ’ ಎಂದು ಕರೆಯುವ ವಸ್ತುವಿನ ಹಿಂದೆ ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಇದೆ. ಕತ್ತಲೆ ಕೋಣೆಯಲ್ಲಿ ಕೂತ ಜನರ ಕಣ್ಣನ್ನು ಬೆಳಕಿನ ಚೌಕದ ಮೇಲೆ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ಮಾಯಾದೀಪ

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1659ರಲ್ಲಿ ಬರೆದಿಟ್ಟ ಹಾಳೆಯೊಂದರಲ್ಲಿ ಅಸ್ಥಿಪಂಜರದ ಪುಟ್ಟ ರೇಖಾಚಿತ್ರಗಳಿವೆ. ಒಂದರಲ್ಲಿ ಅಸ್ಥಿಪಂಜರ ತನ್ನ ತಲೆಬುರುಡೆಯನ್ನು ತಾನೇ ಕಿತ್ತು ಕೈಯಲ್ಲಿ ಹಿಡಿದಿದೆ. ದೀಪ ಮತ್ತು ಮಸೂರಗಳ ಮೂಲಕ ಗೋಡೆಯ ಮೇಲೆ ತೋರಿಸಲು ಬರೆದ ಈ ಚಿತ್ರಗಳೇ ಸ್ಲೈಡಿನ ಅತ್ಯಂತ ಹಳೆಯ ದಾಖಲೆ. ಶನಿಗ್ರಹದ ಬಳೆಯನ್ನು ವಿವರಿಸಿದ, ಲೋಲಕದ ಗಡಿಯಾರ ಮಾಡಿದ ಹೈಗನ್ಸ್‌ಗೆ ಈ ದೀಪ ಮಕ್ಕಳಾಟವಾಗಿ ಕಂಡಿತು. ತನ್ನ ಹೆಸರು ಇದಕ್ಕೆ ಅಂಟಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ. ಊರೂರಿಗೆ ಒಯ್ದು ಪ್ರದರ್ಶಿಸಿದವನು ಡೆನ್ಮಾರ್ಕಿನ ಗಣಿತಜ್ಞ ಥಾಮಸ್ ವಾಲ್ಗೆನ್‌ಸ್ಟೈನ್. ‘ಮ್ಯಾಜಿಕ್ ಲ್ಯಾಂಟರ್ನ್’, ಅಂದರೆ ಮಾಯಾದೀಪ, ಎಂಬ ಹೆಸರು ಆ ಕಾಲದಿಂದಲೇ ಬಳಕೆಗೆ ಬಂತು.

ಮಾಯಾದೀಪ ಮೊದಲು ಜನರನ್ನು ಹಿಡಿದಿಟ್ಟದ್ದು ಭಯದಿಂದ. ಬೆಲ್ಜಿಯಂ ಮೂಲದ ಎಟಿಯೆನ್ ಗಾಸ್ಪಾರ್ ರಾಬರ್ಟ್ 1798ರಿಂದ ಪ್ಯಾರಿಸ್ಸಿನಲ್ಲಿ ರಾಬರ್ಟ್‌ಸನ್ ಎಂಬ ಹೆಸರಿನಲ್ಲಿ ‘ಫ್ಯಾಂಟಾಸ್ಮಗೋರಿಯಾ’ ಎಂಬ ಭೂತ ಪ್ರದರ್ಶನ ನಡೆಸಿದ. ಮರುವರ್ಷ ಅದನ್ನು ಪಾಳುಬಿದ್ದ ಕ್ರೈಸ್ತ ಮಠವೊಂದಕ್ಕೆ ಸಾಗಿಸಿದ. ದೀಪವನ್ನು ಗಾಲಿಗಳ ಮೇಲೆ ಕೂರಿಸಿ ತೆರೆಯ ಹಿಂಬದಿಯಲ್ಲಿ ಬಚ್ಚಿಟ್ಟಿದ್ದ. ಗಾಲಿ ಹಿಂದಕ್ಕೆ ಸರಿದಂತೆ ಚಿತ್ರ ದೊಡ್ಡದಾಗಿ, ಭೂತ ಸಭಿಕರ ಮೇಲೆ ನುಗ್ಗಿ ಬಂದಂತೆ ಕಾಣುತ್ತಿತ್ತು. ಇದಕ್ಕಿಂತ ಮುಖ್ಯವಾದ ಉಪಾಯ ಗಾಜಿನ ಮೇಲಿತ್ತು: ಆಕೃತಿಯ ಸುತ್ತ ಉಳಿದ ಜಾಗಕ್ಕೆಲ್ಲ ಕಪ್ಪು ಬಳಿದಿದ್ದರಿಂದ ಬೆಳಕಿನ ವೃತ್ತವಾಗಲಿ ಚೌಕಟ್ಟಾಗಲಿ ಕಾಣದೆ ಆಕೃತಿಯೊಂದೇ ಗಾಳಿಯಲ್ಲಿ ತೇಲುತ್ತಿತ್ತು. ಬೇಡದ್ದನ್ನು ಕಪ್ಪಿನಲ್ಲಿ ಮುಳುಗಿಸಿ ಬೇಕಾದ ಒಂದನ್ನೇ ಬೆಳಗಿಸುವ ಈ ಪಾಠವನ್ನು ಸ್ಲೈಡ್ ವಿನ್ಯಾಸದ ಕೈಪಿಡಿಗಳು ಈಗಲೂ ಹೇಳಿಕೊಡುತ್ತವೆ.

ಬೆಳಕನ್ನೂ ಆಡಿಸುವವನನ್ನೂ ತೆರೆಯ ಹಿಂದಿಡುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತರು ಹದಮಾಡಿ ಬಣ್ಣ ಕೊಟ್ಟ ಚರ್ಮದ ಗೊಂಬೆಗಳನ್ನು ಬಿಳಿಯ ಪರದೆಗೆ ಒತ್ತಿ ಹಿಡಿದು, ಹಿಂದಿನ ದೀಪದ ಬೆಳಕಿನಲ್ಲಿ ರಾಮಾಯಣ, ಮಹಾಭಾರತದ ಕಥೆ ಆಡಿಸುತ್ತಾರೆ. ಅಲ್ಲಿ ಮಸೂರವಿಲ್ಲ, ಗೊಂಬೆ ಇದ್ದಷ್ಟೇ ಗಾತ್ರದಲ್ಲಿ ಕಾಣುತ್ತದೆ. ಗಮನ ನಿಲ್ಲಿಸುವ ತಂತ್ರ ಮಾತ್ರ ಎರಡರಲ್ಲೂ ಒಂದೇ: ಪರದೆಯ ಮೇಲೆ ಒಮ್ಮೆಗೆ ಕೆಲವೇ ಆಕೃತಿಗಳು, ಅವುಗಳ ಜೊತೆಗೆ ಎಡೆಬಿಡದ ಮಾತು ಮತ್ತು ಹಾಡು.

ಸುಣ್ಣದ ಬೆಳಕು, ಫೋಟೋ ಮತ್ತು ಉಪನ್ಯಾಸ

ಎಣ್ಣೆದೀಪದ ಬೆಳಕಿಗೆ ದೊಡ್ಡ ಸಭಾಂಗಣವನ್ನು ತುಂಬುವ ಶಕ್ತಿ ಇರಲಿಲ್ಲ. 1820ರ ದಶಕದಲ್ಲಿ ಬ್ರಿಟನ್ನಿನಲ್ಲಿ ಗೋಲ್ಡ್ಸ್‌ವರ್ದಿ ಗರ್ನಿ ಮತ್ತು ಥಾಮಸ್ ಡ್ರಮಂಡ್ ಅವರ ಪ್ರಯೋಗಗಳಿಂದ ಹೊಸ ಬೆಳಕು ಸಿಕ್ಕಿತು. ಆಮ್ಲಜನಕ ಮತ್ತು ಜಲಜನಕದ ಜ್ವಾಲೆಯನ್ನು ಸುಟ್ಟ ಸುಣ್ಣದ ಉರುಳೆಯೊಂದಕ್ಕೆ ತಾಗಿಸಿದರೆ ಅದು ಕಣ್ಣು ಕುಕ್ಕುವಂತೆ ಬೆಳಗುತ್ತದೆ. ಈ ಲೈಮ್‌ಲೈಟ್ ಬಂದ ಮೇಲೆ ನೂರಾರು ಜನ ಕೂತ ಸಭೆಯಲ್ಲೂ ಚಿತ್ರ ತೋರಿಸಬಹುದಾಯಿತು. ಅನಿಲ ತುಂಬಿದ ಚೀಲಗಳ ಮೇಲೆ ಭಾರ ಹೇರಿ ಒತ್ತಡ ಕೊಡುತ್ತಿದ್ದುದರಿಂದ ಸ್ಫೋಟದ ಭಯವೂ ಅದರ ಜೊತೆಗೇ ಇತ್ತು. ಎರಡು ದೀಪಗಳನ್ನು ಜೋಡಿಸಿ ಒಂದು ಚಿತ್ರ ಮಸುಕಾಗುತ್ತಿದ್ದಂತೆ ಇನ್ನೊಂದು ಮೂಡುವಂತೆ ಮಾಡುವ ‘ಕರಗುವ ದೃಶ್ಯ’ಗಳೂ ಇದೇ ಕಾಲದಲ್ಲಿ ಜನಪ್ರಿಯವಾದವು. 1838ರಲ್ಲಿ ತೆರೆದ ಲಂಡನ್ನಿನ ಪಾಲಿಟೆಕ್ನಿಕ್ ಸಂಸ್ಥೆ ಇವುಗಳಿಗೆ ಹೆಸರಾಯಿತು. ಇಂದಿನ ತಂತ್ರಾಂಶದಲ್ಲಿ ಒಂದು ಸ್ಲೈಡು ಮಸುಕಾಗಿ ಮುಂದಿನದು ಮೂಡುವ ಪರಿಣಾಮ ಆ ಜೋಡಿದೀಪದ ವಾರಸು.

ಫಿಲಡೆಲ್ಫಿಯಾದ ಲ್ಯಾಂಗನ್‌ಹೈಮ್ ಸಹೋದರರು ಗಾಜಿನ ಮೇಲೆ ಫೋಟೋ ಮೂಡಿಸುವ ವಿಧಾನಕ್ಕೆ 1850ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಆ ಗಾಜುಗಳು ಪ್ರದರ್ಶನಗೊಂಡವು. ಕುಂಚದಿಂದ ಬರೆದ ಚಿತ್ರ ಕಲ್ಪನೆ ಎನಿಸಬಹುದಿತ್ತು, ಫೋಟೋ ಸಾಕ್ಷಿಯಾಯಿತು. ಹೀಗೆ ಮಾಯಾದೀಪ ಜಾತ್ರೆಯಿಂದ ಉಪನ್ಯಾಸ ಮಂದಿರಕ್ಕೆ ಏರಿತು. ಬ್ರಿಟನ್ನಿನಲ್ಲಿ ಮೂರೂಕಾಲು ಅಂಗುಲದ ಚೌಕ, ಅಮೆರಿಕದಲ್ಲಿ ಅದಕ್ಕಿಂತ ತುಸು ಅಗಲದ ಗಾಜು ರೂಢಿಯ ಅಳತೆಗಳಾದವು.

ಉಪನ್ಯಾಸಕ ವೇದಿಕೆಯಲ್ಲಿ, ದೀಪ ನಡೆಸುವವ ಸಭೆಯ ಹಿಂದೆ. ಮುಂದಿನ ಚಿತ್ರ ಬೇಕೆಂದರೆ ಕೋಲಿನಿಂದ ನೆಲ ಕುಟ್ಟುವುದು ಅಥವಾ ಗಂಟೆ ಬಾರಿಸುವುದು ವಾಡಿಕೆ. ಮಸೂರ ಚಿತ್ರವನ್ನು ತಿರುಗಿಸುವುದರಿಂದ ಗಾಜನ್ನು ತಲೆಕೆಳಗಾಗಿ ಇಡಬೇಕಿತ್ತು. ಕತ್ತಲಲ್ಲಿ ತಪ್ಪಾಗದಿರಲೆಂದು ಚಿತ್ರ ನೇರವಾಗಿರುವಾಗ ಎಡಗಡೆಯ ಕೆಳಮೂಲೆಗೆ ಬರುವಂತೆ ಒಂದು ಚುಕ್ಕಿ ಹಚ್ಚುತ್ತಿದ್ದರು. ಗಾಜನ್ನು ತಿರುಗಿಸಿ ಹಿಡಿದಾಗ ಆ ಚುಕ್ಕಿ ಬಲಗೈ ಹೆಬ್ಬೆರಳಿನ ಕೆಳಗೆ ಬಂದರೆ ಎಲ್ಲವೂ ಸರಿ ಎಂದರ್ಥ. ಇಪ್ಪತ್ತನೆಯ ಶತಮಾನದ ಫಿಲ್ಮ್ ಸ್ಲೈಡುಗಳ ಚೌಕಟ್ಟಿನಲ್ಲೂ ಈ ಹೆಬ್ಬೆರಳ ಚುಕ್ಕಿ ಉಳಿದುಕೊಂಡಿತು.

ಒಂದೊಂದು ಗಾಜಿಗೂ ಖರ್ಚಿತ್ತು, ತೂಕವಿತ್ತು, ಒಡೆಯುವ ಭಯವಿತ್ತು. ಆದ್ದರಿಂದ ಉಪನ್ಯಾಸಕ ಯಾವ ಚಿತ್ರ ಬೇಕು, ಯಾವುದು ಬೇಡ ಎಂದು ಮನೆಯಲ್ಲೇ ಅಳೆದು ಸುರಿದು ತೀರ್ಮಾನಿಸುತ್ತಿದ್ದ. ಬರಹವನ್ನು ಗಾಜಿಗೆ ಹಾಕಿಸುವ ಪ್ರಶ್ನೆಯೇ ಅಪರೂಪವಾಗಿತ್ತು; ಮಾತು ಬಾಯಲ್ಲಿ, ಚಿತ್ರ ತೆರೆಯಲ್ಲಿ. ಸಭೆಯ ಸಹನೆಗೆ ಮಿತಿ ಇದೆ ಎಂಬ ಅರಿವೂ ಹಳೆಯದೇ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಸೇರಿದ 1813ರಲ್ಲೇ ಗೆಳೆಯ ಅಬಟ್‌ಗೆ ಬರೆದ ಪತ್ರಗಳಲ್ಲಿ ಉಪನ್ಯಾಸ ಕಲೆಯನ್ನು ವಿವರವಾಗಿ ಚರ್ಚಿಸಿದ್ದ. ಒಂದು ಗಂಟೆ ಮೀರಬಾರದು ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು.

ಸ್ಲೈಡು ಸಮಾಜದ ಮೇಲೆ ಪರಿಣಾಮ ಬೀರಬಲ್ಲದು ಎಂದು ತೋರಿಸಿದವರಲ್ಲಿ ಪತ್ರಕರ್ತ ಜೇಕಬ್ ರೀಸ್ ಪ್ರಮುಖ. ನ್ಯೂಯಾರ್ಕಿನ ಬಡವರ ಕಿಕ್ಕಿರಿದ ವಠಾರಗಳಲ್ಲಿ ಮೆಗ್ನೀಸಿಯಂ ಪುಡಿಯ ಮಿಂಚುಬೆಳಕಿನಿಂದ ಇತರರಿಂದ ತೆಗೆಸಿದ ಮತ್ತು ತಾನೇ ತೆಗೆದ ಫೋಟೋಗಳನ್ನು ಆತ 1888ರ ಜನವರಿಯಲ್ಲಿ ಸಭೆಯೊಂದಕ್ಕೆ ತೋರಿಸಿದ. ಎರಡು ವರ್ಷಗಳ ನಂತರ ಬಂದ ಅವನ ಪ್ರಸಿದ್ಧ ಪುಸ್ತಕಕ್ಕೆ ಈ ಉಪನ್ಯಾಸವೇ ಬೀಜ. ತರಗತಿಯಲ್ಲಿ ಹೊಸ ದಾರಿ ತೆರೆದದ್ದು ಕಲಾ ಇತಿಹಾಸ. 1901ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಬಂದ ಹೈನ್ರಿಖ್ ವೋಲ್ಫ್ಲಿನ್ ಎರಡು ದೀಪಗಳಿಂದ ಎರಡು ಕಲಾಕೃತಿಗಳನ್ನು ಅಕ್ಕಪಕ್ಕದಲ್ಲಿ ತೋರಿಸಿ ಹೋಲಿಸುವ ಬೋಧನೆಯಿಂದ ಹೆಸರಾದ. ಚಿತ್ರ ಬಿದ್ದೊಡನೆ ಆತ ಮಾತಾಡುತ್ತಿರಲಿಲ್ಲ. ಕತ್ತಲಲ್ಲಿ ವಿದ್ಯಾರ್ಥಿಗಳ ಬದಿಗೆ ನಿಂತು, ಅವರಂತೆಯೇ ತೆರೆಯತ್ತ ನೋಡುತ್ತ, ಚಿತ್ರ ತನ್ನ ಕೆಲಸ ಮಾಡುವ ತನಕ ಕಾದು ಆಮೇಲೆ ಬಾಯಿ ತೆರೆಯುತ್ತಿದ್ದ.

ಭಾರತದಲ್ಲಿ ಮಾಯಾದೀಪ

ಮುಂಬೈ ಸಮೀಪದ ಕಲ್ಯಾಣದಲ್ಲಿ ಮಹಾದೇವ ಗೋಪಾಲ ಪಟವರ್ಧನ್ 1892ರ ಹೊತ್ತಿಗೆ ತಮ್ಮ ಮಾಯಾದೀಪದ ಪ್ರದರ್ಶನ ಆರಂಭಿಸಿದರು. ಮಾಯೆಗೆ ಹೆಸರಾದ ಶಂಬರಾಸುರನನ್ನು ನೆನೆಸಿ ಅದಕ್ಕೆ ‘ಶಾಂಬರಿಕ ಖರೋಲಿಕಾ’ ಎಂದು ಹೆಸರಿಟ್ಟರು. ಗಾಜಿನ ಮೇಲೆ ಕೈಯಿಂದ ಬರೆದ ಪುರಾಣ ಪಾತ್ರಗಳು, ಕೈಕಾಲು ಆಡಿದಂತೆ ಕಾಣಲು ಒಂದರ ಮೇಲೊಂದು ಸರಿಸುವ ಗಾಜುಗಳು, ಜೊತೆಗೆ ನಿರೂಪಣೆ ಮತ್ತು ಸಂಗೀತ: ಸಿನಿಮಾ ಬರುವ ಮುನ್ನವೇ ಜನ ಇದನ್ನು ನೋಡಲು ನೆರೆಯುತ್ತಿದ್ದರು.

ಆಳುವವರೂ ಇದೇ ಸಾಧನವನ್ನು ಬಳಸಿಕೊಂಡರು. ಬ್ರಿಟಿಷ್ ಸಾಮ್ರಾಜ್ಯದ ಬಗ್ಗೆ ಶಾಲಾಮಕ್ಕಳಿಗೆ ಸ್ಲೈಡುಗಳ ಮೂಲಕ ಪಾಠ ಹೇಳಲು ಲಂಡನ್ನಿನ ವಸಾಹತು ಕಚೇರಿ 1902ರಲ್ಲಿ ಸಮಿತಿಯೊಂದನ್ನು ರಚಿಸಿತು. ಚಿತ್ರಕಾರ ಹ್ಯೂ ಫಿಶರ್ 1907ರಲ್ಲಿ ಹೊರಟು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಚಿತ್ರ ಮತ್ತು ಫೋಟೋ ಸಂಗ್ರಹಿಸಿದ. ಅವುಗಳನ್ನು ಆಧರಿಸಿ ಭೂಗೋಳಶಾಸ್ತ್ರಜ್ಞ ಹಾಲ್ಫರ್ಡ್ ಮ್ಯಾಕಿಂಡರ್ ಭಾರತದ ಕುರಿತು ಎಂಟು ಉಪನ್ಯಾಸಗಳನ್ನು ಬರೆದ. 1910ರಲ್ಲಿ ಅವು ಅಚ್ಚಾದವು. ಯಾವ ಚಿತ್ರ ಬಿದ್ದಾಗ ಯಾವ ಮಾತು ಎಂಬುದನ್ನು ಮೊದಲೇ ನಿಗದಿ ಮಾಡಿ, ಯಾವ ಊರಿನ ಶಿಕ್ಷಕನಾದರೂ ಓದಿ ಹೇಳುವಂತೆ ಮಾಡಿದ ಸಿದ್ಧ ಪ್ರಸ್ತುತಿ ಇದು.

ಕರ್ನಾಟಕದ ಹಳ್ಳಿ ಪಟ್ಟಣಗಳಿಗೆ ಗಾಜಿನ ಸ್ಲೈಡು ಬಹುಕಾಲ ಪರಿಚಿತವಾಗಿದ್ದುದು ಟೂರಿಂಗ್ ಟಾಕೀಸಿನಿಂದ. ಸಿನಿಮಾ ಶುರುವಾಗುವ ಮೊದಲು ಮತ್ತು ವಿರಾಮದಲ್ಲಿ ಬಟ್ಟೆ ಅಂಗಡಿ, ಬೀಡಿ, ಸಾಬೂನಿನ ಜಾಹೀರಾತುಗಳು ಗಾಜಿನ ಮೇಲೆ ಬರೆದ ಬಣ್ಣದ ಅಕ್ಷರಗಳಲ್ಲಿ ಬರುತ್ತಿದ್ದವು. ಧೂಮಪಾನ ಮಾಡಬಾರದೆಂಬ ಸೂಚನೆಯೂ ಅದೇ ಸಾಲಿನಲ್ಲಿ ಬರುತ್ತಿತ್ತು. ‘ಸ್ಲೈಡ್ ಹಾಕಿದರು’ ಎಂಬ ಮಾತು ಕನ್ನಡದಲ್ಲಿ ರೂಢಿಯಾದದ್ದು ಕಂಪ್ಯೂಟರ್ ಬರುವುದಕ್ಕಿಂತ ಎಷ್ಟೋ ಮೊದಲು.

ಕಚೇರಿಗೆ ಬಂದ ಸ್ಲೈಡು

ಅಂಕಿಅಂಶಗಳಿಗೆ ಚಿತ್ರರೂಪ ಕೊಟ್ಟವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ರೇಖಾನಕ್ಷೆ ಮತ್ತು ಸ್ತಂಭನಕ್ಷೆಗಳನ್ನು ಅವನು 1786ರಲ್ಲೂ ವೃತ್ತನಕ್ಷೆಯನ್ನು 1801ರಲ್ಲೂ ಪ್ರಕಟಿಸಿದ. ಇವು ವ್ಯಾಪಾರ ಸಭೆಗಳ ಗೋಡೆ ಏರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕೊಡಾಕ್ ಕಂಪನಿ 1936ರಲ್ಲಿ 35 ಮಿಲಿಮೀಟರ್ ಕ್ಯಾಮೆರಾಗಳಿಗೆ ಕೊಡಾಕ್ರೋಮ್ ಬಣ್ಣದ ಫಿಲ್ಮ್ ತಂದ ಮೇಲೆ ಭಾರದ ಗಾಜಿನ ಜಾಗಕ್ಕೆ ಎರಡು ಅಂಗುಲದ ಚೌಕಟ್ಟಿನ ಹಗುರ ಸ್ಲೈಡು ಬಂತು. 1961ರ ಕರೋಸೆಲ್ ಪ್ರೊಜೆಕ್ಟರಿನ ದುಂಡು ತಟ್ಟೆಯಲ್ಲಿ 80 ಸ್ಲೈಡುಗಳು ನಿಲ್ಲುತ್ತಿದ್ದವು. ಗುಂಡಿ ಒತ್ತಿದಾಗ ಸ್ಲೈಡು ತನ್ನ ತೂಕದಿಂದಲೇ ಬೆಳಕಿನ ಮುಂದೆ ಇಳಿಯುತ್ತಿತ್ತು. ಹಿಂದೆ ನಿಂತು ದೀಪ ನಡೆಸುವವನ ಕೆಲಸ ಭಾಷಣಕಾರನ ಅಂಗೈಗೇ ಬಂತು. ಆದರೂ ಸ್ಲೈಡು ಮಾಡಿಸಲು ಚಿತ್ರಕಾರ, ಫೋಟೋಗ್ರಾಫರ್, ಪ್ರಯೋಗಾಲಯ ಎಲ್ಲವೂ ಬೇಕಿದ್ದವು.

ಪರಿಸ್ಥಿತಿ ಬದಲಿಸಿದ್ದು ಓವರ್‌ಹೆಡ್ ಪ್ರೊಜೆಕ್ಟರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ತರಬೇತಿಯಲ್ಲಿ ಬಳಕೆಗೆ ಬಂದ ಈ ಯಂತ್ರ 1960ರ ದಶಕದಲ್ಲಿ ಅಗ್ಗವಾಗಿ ಶಾಲೆ, ಕಚೇರಿಗಳನ್ನು ಹೊಕ್ಕಿತು. ಇದರಿಂದ ಒಳ್ಳೆಯದೂ ಆಯಿತು: ದೀಪ ಆರಿಸಬೇಕಿಲ್ಲ, ಮಾತಾಡುವವನು ಸಭೆಗೆ ಮುಖ ಮಾಡಿಯೇ ಯಂತ್ರದ ಮೇಲಿಟ್ಟ ಪಾರದರ್ಶಕ ಹಾಳೆಯ ಮೇಲೆ ಬರೆಯಬಹುದು, ಕೆಳಗಿನ ಸಾಲುಗಳಿಗೆ ಕಾಗದ ಮುಚ್ಚಿ ಒಂದೊಂದಾಗಿ ತೆರೆದು ತೋರಿಸಬಹುದು. ಜೊತೆಗೆ ಇನ್ನೊಂದು ಸಂಗತಿ ನಡೆಯಿತು. ಟೈಪ್ ಮಾಡಿದ ಪುಟವನ್ನು ಜೆರಾಕ್ಸ್ ಯಂತ್ರದಿಂದ ನೇರವಾಗಿ ಪಾರದರ್ಶಕ ಹಾಳೆಗೆ ಇಳಿಸಬಹುದಿತ್ತು. ಫೋಟೋ ಮಾಡಿಸಲು ದಿನಗಳು ಬೇಕು, ಬರಹಕ್ಕೆ ಟೈಪಿಸ್ಟ್ ಒಬ್ಬರಿದ್ದರೆ ಸಾಕು. ಮಾಯಾದೀಪದ ಕಾಲದಲ್ಲಿ ಬಾಯಲ್ಲಿದ್ದ ಮಾತು ತೆರೆಗೆ ಏರಿದ್ದು ಹೀಗೆ.

ಪವರ್‌ಪಾಯಿಂಟ್

ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಗೆ 1984ರಲ್ಲಿ ಸೇರಿದ ರಾಬರ್ಟ್ ಗ್ಯಾಸ್ಕಿನ್ಸ್ ಆ ವರ್ಷದ ಆಗಸ್ಟಿನಲ್ಲಿ ಎರಡು ಪುಟಗಳ ಪ್ರಸ್ತಾವ ಬರೆದರು. ಕಾರ್ಯದರ್ಶಿಯನ್ನೂ ಚಿತ್ರಕಾರರನ್ನೂ ಕಾಯದೆ ಮಾತಾಡುವವರೇ ತಮ್ಮ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಡೆನಿಸ್ ಆಸ್ಟಿನ್ ಮತ್ತು ಟಾಮ್ ರಡ್ಕಿನ್ ತಂತ್ರಾಂಶ ಬರೆದರು. ‘ಪ್ರೆಸೆಂಟರ್’ ಎಂದಿದ್ದ ಹೆಸರು ಟ್ರೇಡ್‌ಮಾರ್ಕ್ ತೊಡಕಿನಿಂದ ‘ಪವರ್‌ಪಾಯಿಂಟ್’ ಆಯಿತು. 1987ರ ಏಪ್ರಿಲಿನಲ್ಲಿ ಮ್ಯಾಕಿಂಟೋಷ್ ಕಂಪ್ಯೂಟರಿಗಾಗಿ ಬಂದ ಮೊದಲ ಆವೃತ್ತಿ ಕಪ್ಪು ಬಿಳುಪಿನದು. ಓವರ್‌ಹೆಡ್ ಹಾಳೆಗಳನ್ನು ಮುದ್ರಿಸಿಕೊಳ್ಳುವುದೇ ಅದರ ಉದ್ದೇಶ. ಕೆಲವೇ ತಿಂಗಳಲ್ಲಿ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಫೋರ್‌ಥಾಟನ್ನು ಕೊಂಡಿತು. 1988ರ ಎರಡನೆಯ ಆವೃತ್ತಿ ಬಣ್ಣ ತಂದಿತು. 1990ರಲ್ಲಿ ವಿಂಡೋಸ್‌ಗೆ ಬಂತು. 1992ರ ಮೂರನೆಯ ಆವೃತ್ತಿಯಿಂದ ಕಂಪ್ಯೂಟರಿನಿಂದಲೇ ನೇರವಾಗಿ ಪರದೆಗೆ ಪ್ರದರ್ಶಿಸುವುದು ಸಲೀಸಾಯಿತು. ಫಿಲ್ಮ್ ಸ್ಲೈಡಿನ ಕಾಲ ಮುಗಿಯುತ್ತ ಬಂದು, ಕೊಡಾಕ್ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆಯನ್ನೇ ನಿಲ್ಲಿಸಿತು.

ಮೊದಲ ಆವೃತ್ತಿಯಲ್ಲೇ ಭಾಷಣಕಾರನ ಟಿಪ್ಪಣಿಗೆ ಪ್ರತ್ಯೇಕ ಪುಟವಿತ್ತು: ಮೇಲೆ ಸ್ಲೈಡಿನ ಪುಟ್ಟ ಚಿತ್ರ, ಕೆಳಗೆ ಹೇಳಬೇಕಾದ ಮಾತು. ಸಭಿಕರಿಗೆ ಹಂಚುವ ಪ್ರತಿಗೂ ಬೇರೆ ವ್ಯವಸ್ಥೆ ಇತ್ತು. ತೋರಿಸುವುದು, ನೆನಪಿಟ್ಟುಕೊಳ್ಳುವುದು, ಕೊಟ್ಟು ಕಳಿಸುವುದು ಈ ಮೂರೂ ಬೇರೆ ಬೇರೆ ಎಂಬುದು ತಂತ್ರಾಂಶ ಮಾಡಿದವರಿಗೆ ಗೊತ್ತಿತ್ತು. ಬಳಸಿದವರಲ್ಲಿ ಬಹುಪಾಲು ಜನ ಮೂರನ್ನೂ ಒಂದೇ ಸ್ಲೈಡಿಗೆ ತುಂಬಿದರು. ಹೊಸ ಸ್ಲೈಡ್ ತೆರೆದೊಡನೆ ಮೇಲೆ ಶೀರ್ಷಿಕೆ, ಕೆಳಗೆ ಬುಲೆಟ್ ಸಾಲುಗಳ ಖಾಲಿ ಚೌಕ ಕಾಣಿಸುತ್ತಿತ್ತು. ಖಾಲಿ ಬಿಟ್ಟ ಜಾಗವನ್ನು ತುಂಬುವುದು ಮನುಷ್ಯನ ಸ್ವಭಾವ. ಗಾಜಿನ ಖರ್ಚು ಹಾಕಿದ್ದ ಕಡಿವಾಣವೂ ಈಗ ಇರಲಿಲ್ಲ. ಒಂದು ಸ್ಲೈಡಾದರೂ ಅಷ್ಟೇ, ನೂರಾದರೂ ಅಷ್ಟೇ ಬೆಲೆ.

ಒಂದು ಸ್ಲೈಡಿನ ಪರೀಕ್ಷೆ

ಹೀಗೆ ಎಲ್ಲವನ್ನೂ ಸ್ಲೈಡಿಗೆ ತುಂಬುವುದರ ಅಪಾಯ ಜಗತ್ತಿಗೆ ತಿಳಿದದ್ದು ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತದಲ್ಲಿ. 2003ರ ಜನವರಿ 16ರಂದು ಉಡಾವಣೆಯಾದ ಸುಮಾರು 82 ಸೆಕೆಂಡುಗಳಲ್ಲಿ ಇಂಧನ ತೊಟ್ಟಿಯ ನೊರೆಹೊದಿಕೆಯ ತುಂಡೊಂದು ಕಳಚಿ ನೌಕೆಯ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಬೋಯಿಂಗ್ ಕಂಪನಿಯ ಎಂಜಿನಿಯರುಗಳು ಹಾನಿಯನ್ನು ಅಂದಾಜು ಮಾಡಿ ನಾಸಾದ ಅಧಿಕಾರಿಗಳ ಮುಂದೆ ಸ್ಲೈಡುಗಳನ್ನಿಟ್ಟರು. ಅವುಗಳಲ್ಲಿ ಒಂದರ ಶೀರ್ಷಿಕೆ, ಇಂಥ ಬಡಿತದ ಬಗ್ಗೆ ಹಿಂದೆ ನಡೆಸಿದ್ದ ಪರೀಕ್ಷೆಯ ಮಾಹಿತಿ ಧೈರ್ಯ ಕೊಡುವಂತಿದೆ ಎಂಬ ಭಾವನೆ ಮೂಡಿಸುತ್ತಿತ್ತು. ಅದರಡಿ ಬುಲೆಟ್, ಬುಲೆಟಿನೊಳಗೆ ಮತ್ತೊಂದು ಬುಲೆಟ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಕ್ಷರ ಸಣ್ಣದಾಗುತ್ತ ಹೋಗಿತ್ತು. ಕಟ್ಟಕಡೆಯ ಸಾಲಿನಲ್ಲಿತ್ತು ನಿಜವಾದ ಸುದ್ದಿ: ಬಡಿದ ತುಂಡಿನ ಗಾತ್ರ ಸುಮಾರು 1,920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಅಂಗುಲ. ಅಂದರೆ 640 ಪಟ್ಟು ವ್ಯತ್ಯಾಸ. ಪರೀಕ್ಷೆಯ ಆಧಾರದಲ್ಲಿ ಏನನ್ನೂ ಹೇಳಲಾಗದು ಎಂದರ್ಥ. ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಗಿ ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಸತ್ತರು.

ದುರಂತಕ್ಕೆ ಸ್ಲೈಡು ಒಂದೇ ಕಾರಣವಲ್ಲ. ತನಿಖಾ ಮಂಡಳಿ ಯಂತ್ರದ ದೋಷವನ್ನೂ ಸಂಸ್ಥೆಯ ಕಾರ್ಯಪದ್ಧತಿಯ ದೋಷಗಳನ್ನೂ ಪಟ್ಟಿ ಮಾಡಿತು. ಆದರೆ ತಾಂತ್ರಿಕ ವರದಿ ಬರೆಯುವ ಕಡೆ ಸ್ಲೈಡುಗಳನ್ನೇ ಬಳಸುವ ಚಟವನ್ನು 2003ರ ಆಗಸ್ಟಿನ ವರದಿಯಲ್ಲಿ ಹೆಸರಿಸಿಯೇ ಟೀಕಿಸಿ, ಆ ಸ್ಲೈಡನ್ನು ವಿಶ್ಲೇಷಣೆ ಸಮೇತ ಅಚ್ಚು ಮಾಡಿತು. ವಿಶ್ಲೇಷಣೆ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಫ್ಟಿ ಅವರದು. ಬುಲೆಟ್ ಸಾಲುಗಳು ಕಾರ್ಯಕಾರಣದ ಕೊಂಡಿ ಕಡಿದು ವಾದವನ್ನು ಚೂರು ಮಾಡುತ್ತವೆ ಎಂದು ಅವರು ಅದೇ ವರ್ಷ ಪ್ರತ್ಯೇಕ ಪ್ರಬಂಧದಲ್ಲಿ ವಾದಿಸಿದರು. ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಯಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಆರು ಪುಟಗಳ ಗದ್ಯ ಟಿಪ್ಪಣಿಯನ್ನು ಎಲ್ಲರೂ ಮೊದಲು ಮೌನವಾಗಿ ಓದಿ ನಂತರ ಚರ್ಚಿಸುವ ಪದ್ಧತಿ ಅಲ್ಲಿ ಬೆಳೆಯಿತು.

ಹಳೆಯ ನಿಯಮಗಳ ಮರುಶೋಧ

ತೆರೆಯ ಮೇಲೆ ಏನಿರಬೇಕು, ಮಾತಿಗೆ ಏನು ಬಿಡಬೇಕು ಎಂಬ ಪ್ರಶ್ನೆಯನ್ನು ಕಲಿಕೆಯ ಮನೋವಿಜ್ಞಾನ ಪ್ರಯೋಗಾಲಯದಲ್ಲಿ ಎತ್ತಿಕೊಂಡಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಮೇಯರ್ ಮತ್ತು ಸಂಗಡಿಗರು 1990ರ ದಶಕದಿಂದ ನಡೆಸಿದ ಪ್ರಯೋಗಗಳ ಪ್ರಕಾರ, ಚಿತ್ರದ ಜೊತೆ ಮಾತು ಕೇಳಿದವರು ಚೆನ್ನಾಗಿ ಕಲಿತರು. ಅದೇ ಮಾತನ್ನು ಪರದೆಯ ಮೇಲೂ ಬರೆದು ತೋರಿಸಿದಾಗ ಕಲಿಕೆ ಕುಗ್ಗಿತು. ಕಣ್ಣು ಬರಹ ಓದಲು ಹೋಗಿ ಚಿತ್ರವನ್ನು ಬಿಡುತ್ತದೆ. ಓದಿನ ವೇಗವೂ ಮಾತಿನ ವೇಗವೂ ಹೊಂದುವುದಿಲ್ಲ. ಅಲಂಕಾರಕ್ಕೆಂದು ಸೇರಿಸಿದ ಚಿತ್ರ, ಸಂಗೀತಗಳೂ ಗಮನ ಕದಿಯುತ್ತವೆ. ಗುರುತಿನ ಪದವನ್ನು ಚಿತ್ರದ ಪಕ್ಕದಲ್ಲೇ ಇಟ್ಟರೆ, ಮುಖ್ಯ ಭಾಗವನ್ನು ಬಾಣದಿಂದಲೋ ಬಣ್ಣದಿಂದಲೋ ತೋರಿಸಿದರೆ ಅರ್ಥ ಬೇಗ ಹತ್ತುತ್ತದೆ. ‘ಒಂದು ಸ್ಲೈಡಿಗೆ ಏಳು ಸಾಲು’ ಎಂಬ ಪ್ರಚಲಿತ ಸೂತ್ರಕ್ಕೆ ಜಾರ್ಜ್ ಮಿಲ್ಲರ್ ಅವರ 1956ರ ಲೇಖನವನ್ನು ಆಧಾರ ಕೊಡುವುದುಂಟು. ಆ ಲೇಖನದ ವಿಷಯ ಅಲ್ಪಾವಧಿ ನೆನಪು ಮತ್ತು ಗ್ರಹಿಕೆಯ ಮಿತಿ. ಸ್ಲೈಡಿಗೂ ಅದಕ್ಕೂ ಸಂಬಂಧವಿಲ್ಲ.

ವಿನ್ಯಾಸದಲ್ಲೂ ಸುಧಾರಣೆಗಳು ಬಂದವು. ಪೆನ್‌ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಮೈಕೆಲ್ ಆಲಿ ಶೀರ್ಷಿಕೆಯ ಜಾಗದಲ್ಲಿ ಒಂದು ಪೂರ್ಣ ವಾಕ್ಯ, ಅದರಡಿ ಬುಲೆಟಿನ ಬದಲು ಆ ವಾಕ್ಯಕ್ಕೆ ಸಾಕ್ಷಿಯಾಗುವ ಚಿತ್ರ ಎಂಬ ಪದ್ಧತಿಯನ್ನು ಪ್ರಚಾರ ಮಾಡಿದರು. ‘ಮಳೆಯ ಪ್ರಮಾಣ’ ಎಂಬ ಶೀರ್ಷಿಕೆ ವಿಷಯವನ್ನಷ್ಟೇ ಹೆಸರಿಸುತ್ತದೆ. ‘ಜೂನ್ ಮಳೆ ಕಡಿಮೆಯಾದ ವರ್ಷ ಬಿತ್ತನೆ ತಡವಾಗುತ್ತದೆ’ ಎಂದು ಬರೆದರೆ ಕೆಳಗಿನ ನಕ್ಷೆಯಲ್ಲಿ ಏನು ನೋಡಬೇಕೆಂದು ತಿಳಿಯುತ್ತದೆ. ಟೋಕಿಯೋದಲ್ಲಿ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ ಎಂಬ ವಾಸ್ತುಶಿಲ್ಪಿಗಳು 2003ರಲ್ಲಿ ಆರಂಭಿಸಿದ ‘ಪೆಚಾಕುಚಾ’ದಲ್ಲಿ 20 ಸ್ಲೈಡು, ತಲಾ 20 ಸೆಕೆಂಡು, ಸ್ಲೈಡು ತಾನಾಗಿ ಬದಲಾಗುವುದರಿಂದ 6 ನಿಮಿಷ 40 ಸೆಕೆಂಡಿಗೆ ಮಾತು ಮುಗಿಯಲೇಬೇಕು. ಗಾಜಿನ ಬೆಲೆ ಹಿಂದೆ ಹಾಕುತ್ತಿದ್ದ ಮಿತಿಯನ್ನು ಇಲ್ಲಿ ಗಡಿಯಾರ ಹಾಕುತ್ತದೆ.

ಕನ್ನಡದ ಸ್ಲೈಡಿಗೆ ಅದರದೇ ಆದ ತೊಡಕುಗಳಿದ್ದವು. 1998ರಲ್ಲಿ ಬಂದ ಬರಹ ಮತ್ತು ನಂತರದ ನುಡಿ ತಂತ್ರಾಂಶಗಳಿಂದ ಕನ್ನಡದಲ್ಲಿ ಪ್ರಸ್ತುತಿ ಸಿದ್ಧಪಡಿಸುವುದು ಸುಲಭವಾದರೂ, ಸಭಾಂಗಣದ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತಿದ್ದವು. ಪ್ರಸ್ತುತಿಯ ಜೊತೆ ಫಾಂಟನ್ನೂ ಒಯ್ಯುವುದು ಆಗ ಅನಿವಾರ್ಯವಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಫಾಂಟನ್ನು ತನ್ನೊಡನೆ ತಂದಿತು. ಯೂನಿಕೋಡ್ ಹರಡಿದಂತೆ ಈ ತೊಂದರೆ ಕಡಿಮೆಯಾಯಿತು. ಲಿಪಿಯ ಸ್ವಭಾವದಿಂದ ಬರುವ ಅಗತ್ಯಗಳು ಹಾಗೇ ಉಳಿದಿವೆ. ‘ರಾಷ್ಟ್ರೀಯ’ದಂಥ ಪದದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು; ಅಕ್ಷರವೂ ದೊಡ್ಡದಿರಬೇಕು, ಇಲ್ಲವಾದರೆ ಹಿಂದಿನ ಸಾಲಿನವರಿಗೆ ಒತ್ತು ಕಾಣುವುದಿಲ್ಲ. ದೊಡ್ಡಕ್ಷರ ಎಂಬ ಭೇದ ಕನ್ನಡದಲ್ಲಿಲ್ಲ. ಒತ್ತಿ ಹೇಳಬೇಕಾದುದನ್ನು ದಪ್ಪ ಅಕ್ಷರದಿಂದ ಅಥವಾ ಬಣ್ಣದಿಂದಲೇ ತೋರಿಸಬೇಕು. ವಿಭಕ್ತಿ, ಸಮಾಸಗಳಿಂದ ಪದಗಳು ಉದ್ದವಾಗುವ ಈ ಭಾಷೆಯಲ್ಲಿ ಒಂದು ಸ್ಲೈಡಿಗೆ ಹಿಡಿಸುವ ಮಾತೂ ಕಡಿಮೆ.

ಮಾತಿನ ನಡುವೆ ಸಭೆಯ ಕಣ್ಣನ್ನು ತನ್ನತ್ತ ತಿರುಗಿಸಿಕೊಳ್ಳಬೇಕಾದಾಗ ದೀಪದ ಕಾಲದಲ್ಲಿ ಮಸೂರಕ್ಕೆ ಮುಚ್ಚಳ ಹಾಕಿಸಿದರೆ ಸಾಕಿತ್ತು. ಪವರ್‌ಪಾಯಿಂಟಿನಲ್ಲೂ ಅದಕ್ಕೆ ದಾರಿ ಇದೆ: ಪ್ರದರ್ಶನ ನಡೆಯುತ್ತಿರುವಾಗ ಕೀಲಿಮಣೆಯ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಸ್ಲೈಡು ಮರಳಿ ಬರುತ್ತದೆ.